ಕರ್ನಾಟಕ ತಂಡದ ‘ವಗೈರೆ’ ಮಂದಿ

ಹಾರೋಹಳ್ಳಿಯ ಕಡೆಯ ಹಳೆಯ ಜಮೀನು ಪತ್ರಗಳನ್ನು ತಿರುವಿ ನೋಡಿದವರಿಗೆ ‘ವಗೈರೆ’ ಎಂಬ ಶಬ್ದದ ಮಹಿಮೆ ಚೆನ್ನಾಗಿ ಗೊತ್ತಿರುತ್ತದೆ. ಒಂದು ಎಕರೆ ಹಿಪ್ಪುನೇರಳೆ ತೋಟಕ್ಕೆ ಆರು ಮಂದಿ ಅಣ್ಣತಮ್ಮಂದಿರು ಹಕ್ಕುದಾರರಾಗಿದ್ದರೆ, ಹಿರಿಯನೊಬ್ಬನ ಹೆಸರನ್ನು ದುಂಡಗೆ ಬರೆದು, ಮಿಕ್ಕ ಐವರನ್ನು ‘ವಗೈರೆ’ ಎಂಬ ಮೂರಕ್ಷರದ ಗೋಣಿಚೀಲದಲ್ಲಿ ತುಂಬಿ ಬಾಯಿ ಕಟ್ಟಿಬಿಡುವುದು ಶಾನುಭೋಗರ ಪದ್ಧತಿಯಾಗಿದ್ದಿತು. ಉತ್ತವರೂ ಬಿತ್ತಿದವರೂ ಆ ಐವರೇ ಆಗಿದ್ದರೂ ಕಾಗದದಲ್ಲಿ ಅವರು ವಗೈರೆಗಳೇ ಸರಿ.

ಶಾನುಭೋಗಿಕೆ ಹೋಯಿತು, ಆದರೆ ಆ ಪದ್ಧತಿ ಕ್ರಿಕೆಟ್ಟಿನ ಮಾತುಕತೆಯಲ್ಲಿ ಇಂದಿಗೂ ಉಳಿದುಕೊಂಡು ಬಂದಿದೆ. ವಾಚಕರಿಗೆ ಸಂಶಯವಿದ್ದರೆ ಕನಕಪುರದ ರಸ್ತೆಗೆ ಮುಖಮಾಡಿರುವ ಯಾವುದಾದರೊಂದು ಜಗುಲಿಯ ಮೇಲೆ ಕುಳಿತ ಹಿರಿಯರನ್ನು, ಕರ್ನಾಟಕಕ್ಕೆ ಮೊದಲ ಸಲ ರಣಜಿ ಪಾರಿತೋಷಕವನ್ನು ತಂದುಕೊಟ್ಟ ಹನ್ನೊಂದು ಮಂದಿಯ ಹೆಸರು ಹೇಳಿರೆಂದು ಕೇಳಿ ನೋಡಬಹುದು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕಿರ್ಮಾನಿ, ಬ್ರಿಜೇಶ್ ಪಟೇಲ್ ಎಂದು ಐದು ಬೆರಳುಗಳು ಸರಸರನೆ ಮಡಚಿಕೊಳ್ಳುತ್ತವೆ. ಆರನೆಯದಕ್ಕೆ ಎರಡನೆಯ ಕೈ ಮೇಲೆದ್ದು ಗಾಳಿಯಲ್ಲಿಯೇ ನಿಂತುಬಿಡುತ್ತದೆ. ‘‘ಅವನಿದ್ನಲ್ಲ ಕಣ್ಲಾ ಮಗ, ಎಡಗೈಯೋನು, ಒಳ್ಳೇ ಆಟಗಾರ...’’ ಎಂದು ತಾತ ತಡವರಿಸಿದರೆ, ‘‘ಯಾರು ತಾತ?’’ ಎಂದು ಮೊಮ್ಮಗ ಕೈಯಲ್ಲಿನ ಫೋನನ್ನು ಎತ್ತುತ್ತಾನೆ. ಫೋನು ಹೇಳುವ ಹೆಸರನ್ನು ಕೇಳಿದ ಕೂಡಲೇ ತಾತನ ಮುಖ ಅರಳುತ್ತದೆ. ಕಳೆದುಹೋದ ಎಮ್ಮೆ ಕೊಟ್ಟಿಗೆಗೆ ತಾನಾಗಿಯೇ ಬಂದಂತೆ. ಆ ಹೆಸರುಗಳಲ್ಲಿ ಕೆಲವನ್ನು ಗೋಣಿಚೀಲದಿಂದ ಹೊರಕ್ಕೆ ತೆಗೆದು ಬಿಸಿಲಿಗೆ ಹರಡುವುದಷ್ಟೇ ನಮ್ಮ ಈಗಿನ ಉದ್ದೇಶ.

ಆದಿಯಿಂದಲೇ ಆರಂಭಿಸೋಣ. ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಆಟ ನಡೆದದ್ದು 1934ನೆಯ ಇಸವಿ ನವೆಂಬರ್ 4ರಂದು, ಮದರಾಸಿನ ಚೇಪಾಕ್ ಮೈದಾನದಲ್ಲಿ. ಮದರಾಸಿಗೂ ನಮ್ಮ ಮೈಸೂರಿಗೂ. ಮೊದಲ ಚೆಂಡನ್ನು ಎಸೆದವರು ಎಂ. ಜೆ. ಗೋಪಾಲನ್, ಅದನ್ನು ಎದುರಿಸಿದವರು ಮೈಸೂರಿನ ಎನ್. ಕರ್ಟಿಸ್. ಭಾರತದ ದೇಶೀಯ ಕ್ರಿಕೆಟ್ಟೆಂಬ ಮಹಾಗ್ರಂಥದ ಮೊದಲ ಪುಟದ ಮೊದಲ ಸಾಲಿನಲ್ಲಿ ನಮ್ಮವರೊಬ್ಬರ ಹೆಸರಿದೆಯೆಂಬುದು ಹೆಮ್ಮೆಯ ವಿಷಯವೇ. ಆದರೆ ಎರಡನೆಯ ಸಾಲನ್ನು ಓದದಿರುವುದು ಮನಸ್ಸಿನ ನೆಮ್ಮದಿಗೆ ಒಳ್ಳೆಯದು. ಮೈಸೂರು 48 ರನ್ನಿಗೆ ಮುಗಿಯಿತು. ಮದರಾಸು 130 ಮಾಡಿತು. ಮೈಸೂರು ಎರಡನೆಯ ಸಲ ಆಡಿ 59ಕ್ಕೆ ಮುಗಿಯಿತು. ಎ. ಜಿ. ರಾಮ್ ಸಿಂಗ್ ಎಂಬವರೊಬ್ಬರೇ ಎರಡೂ ಸರದಿಗಳಿಂದ 11 ವಿಕೆಟ್ಟುಗಳನ್ನು ಕಿತ್ತರು. ಇದೆಲ್ಲವೂ ಒಂದೇ ದಿನದಲ್ಲಿ! ಹಲವು ದಿನಗಳ ಆಟಕ್ಕೆಂದು ಹಾಸಿಗೆ ಸುತ್ತಿಕೊಂಡು ರೈಲು ಹತ್ತಿದ್ದವರು ಸಂಜೆಯೊಳಗೆ ಆ ಹಾಸಿಗೆಯನ್ನು ಮರಳಿ ಸುತ್ತಬೇಕಾಗಿ ಬಂದದ್ದನ್ನು ನೆನೆದರೆ ನಮಗೆ ಇಂದಿಗೂ ಕನಿಕರವುಂಟಾಗುತ್ತದೆ. ಕರ್ಟಿಸ್ ಮಹಾಶಯರು ಆ ಮೊದಲ ಚೆಂಡಿನ ಕೀರ್ತಿಯನ್ನು ಮನೆಯಲ್ಲಿ ಹೇಳಿಕೊಂಡರೋ, ಮುಂದಿನ ಪ್ರಶ್ನೆಗೆ ಹೆದರಿ ಸುಮ್ಮನಾದರೋ, ಊಹೆಗೆ ಬಿಟ್ಟದ್ದು.

ಇವರನ್ನು ದಾಟಿದ ಮೇಲೆ ನಮಗೆ ದೊರೆಯುವವರು ಬಿ. ಕೆ. ಗರುಡಾಚಾರ್ ಅವರು. ಇವರಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. 1945–46ರ ಋತುವಿನಲ್ಲಿ ಮೈಸೂರು ತಂಡವು ಸೆಮಿಫೈನಲ್ ಆಟಕ್ಕಾಗಿ ಇಂದೂರಿಗೆ ಹೋಯಿತು. ಎದುರಾಳಿ ಹೋಳ್ಕರ್ ತಂಡ; ಅದರಲ್ಲಿ ಸಿ. ಕೆ. ನಾಯುಡು, ಸರ್ವಟೆ, ನಿಂಬಾಳ್ಕರ್ ಮೊದಲಾದ ಘಟಾನುಘಟಿಗಳು. ನಾಲ್ಕನೆಯ ಜ್ವರದಿಂದೆದ್ದ ರೇಷ್ಮೆಹುಳುಗಳು ಸೊಪ್ಪು ಮೇಯುವುದನ್ನು ನಮ್ಮ ಕಡೆಯ ಗೃಹಿಣಿಯರು ಬಲ್ಲರು: ತಟ್ಟೆಗೆ ಸುರಿದದ್ದೇ ತಡ, ಮಳೆ ಹನಿಯುವಂಥ ಚರಚರ ಶಬ್ದ, ಮತ್ತೆ ಸುರಿ, ಮತ್ತೆ ಖಾಲಿ, ಹಗಲೆನ್ನದೆ ಇರುಳೆನ್ನದೆ ಸುರಿಯುವವರ ಸೊಂಟ ಮುರಿಯುವವರೆಗೂ ಅವುಗಳ ಹಸಿವು ಇಂಗದು. ಹೋಳ್ಕರ್ ತಂಡ ರನ್ನುಗಳನ್ನು ಮೇದದ್ದು ಆ ರೀತಿಯಲ್ಲಿ. ಆರು ಮಂದಿ ಒಬ್ಬರಾದ ಮೇಲೊಬ್ಬರು ಸೆಂಚುರಿ ಹೊಡೆದರು. 8 ವಿಕೆಟ್ಟಿಗೆ 912 ಆದ ಮೇಲೆ, ಸಾಕೆನಿಸಿತೋ, ಎದುರಾಳಿಗಳ ಮುಖ ನೋಡಿ ಮರುಕ ಹುಟ್ಟಿತೋ, ಡಿಕ್ಲೇರ್ ಮಾಡಿದರು.

ಸೊಪ್ಪು ಸುರಿದವರಲ್ಲಿ ಮುಖ್ಯರಾದವರು ನಮ್ಮ ಗರುಡಾಚಾರರು. ಅವರು 69 ಓವರು ಬೌಲ್ ಮಾಡಿ 301 ರನ್ನು ಕೊಟ್ಟು 4 ವಿಕೆಟ್ಟು ಪಡೆದರು. ಒಂದೇ ಸರದಿಯಲ್ಲಿ ಮುನ್ನೂರು ರನ್ನು ದಾನಮಾಡಿದವರು ಪ್ರಪಂಚದಲ್ಲಿಯೇ ಬೆರಳೆಣಿಕೆಯ ಮಂದಿ. ಆಸ್ಟ್ರೇಲಿಯಾದ ಆರ್ಥರ್ ಮೈಲಿ 1926ರಲ್ಲಿ 362 ಕೊಟ್ಟು ಈ ದಾನಶೂರರ ಪಂಕ್ತಿಯಲ್ಲಿ ಮೊದಲ ಎಲೆಗೆ ಕುಳಿತಿದ್ದಾರೆ. ನಗುವವರು ನಗಲಿ. ಆದರೆ ಯೋಚಿಸಿ ನೋಡಿದರೆ, 301 ರನ್ನು ಕೊಡಬೇಕಾದರೂ ಯೋಗ್ಯತೆ ಬೇಕು. ಸಾಮಾನ್ಯನಾದ ಬೌಲರನ ಕೈಯಿಂದ ನಾಯಕನು 100ಕ್ಕೇ ಚೆಂಡನ್ನು ಕಿತ್ತುಕೊಂಡು ದೂರದ ಬೇಲಿಯ ಹತ್ತಿರಕ್ಕೆ ಕಳಿಸಿಬಿಡುತ್ತಾನೆ. ‘ಇನ್ನೊಂದು ಓವರು ನೀವೇ ಹಾಕಿ’ ಎಂದು 69 ಸಲ ಚೆಂಡು ಮರಳಿ ಅವರ ಕೈಗೇ ಬಂದಿತೆಂದರೆ, ಅವರ ಮೇಲೆ ತಂಡಕ್ಕಿದ್ದ ಭರವಸೆ ಎಷ್ಟೆಂಬುದನ್ನು ವಾಚಕರೇ ಅಳೆದುಕೊಳ್ಳಲಿ. ಅಷ್ಟಕ್ಕೂ ಅವರು ಬೆನ್ನು ಹಿಡಿದುಕೊಂಡು ಮಲಗಲಿಲ್ಲ. ಮೈಸೂರಿನ ಎರಡನೆಯ ಸರದಿಯಲ್ಲಿ ಬ್ಯಾಟು ಹಿಡಿದು ತಾವೇ 164 ರನ್ನು ಹೊಡೆದರು! ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಸೂಲಿ ಮಾಡಿಕೊಂಡು ಬಂದ ಸಾಲಗಾರರನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಆಟವನ್ನು ಮೈಸೂರು ಸೋತಿತು. ಆ ಮಾತು ಬೇರೆ. ಗರುಡಾಚಾರರು ತುಂಬು ಬಾಳು ಬಾಳಿ, ತೊಂಬತ್ತೊಂಬತ್ತು ತುಂಬಿದ ಮೇಲೆ 2016ರಲ್ಲಿ ತೀರಿಕೊಂಡರು. ನೂರಕ್ಕೆ ಒಂದು ಕಡಮೆಯಾದಾಗ ಔಟಾದುದು ಕ್ರಿಕೆಟ್ ಆಟಗಾರನಿಗೆ ಒಪ್ಪುವಂಥದೇ, ಆದರೂ ಮನಸ್ಸಿಗೆ ಚುರುಕ್ಕೆನ್ನುತ್ತದೆ.

ಎಂ. ಜಿ. ವಿಜಯಸಾರಥಿಗಳ ಮಾತನ್ನು ಇಲ್ಲಿಯೇ ಹೇಳಿ ಮುಗಿಸುವೆವು. ಮೈಸೂರಿಗಾಗಿ ಆಡಿ, ತರುವಾಯ ಟೆಸ್ಟ್ ಪಂದ್ಯಗಳಿಗೆ ಅಂಪೈರಾದವರು. ಇವರ ಮಗ ಎಂ. ವಿ. ನಾಗೇಂದ್ರರೂ ಅಂಪೈರೇ. ಒಂದು ರಣಜಿ ಪಂದ್ಯದಲ್ಲಿ ತಂದೆ ಒಂದು ತುದಿಗೆ, ಮಗ ಇನ್ನೊಂದು ತುದಿಗೆ ನಿಂತದ್ದೂ ಉಂಟು. ಮನೆಯಲ್ಲಿ ತಂದೆಯ ತೀರ್ಪಿಗೆ ಅಪೀಲಿಲ್ಲದಿರುವುದು ಎಲ್ಲೆಡೆಯೂ ಇರುವುದೇ. ಮೈದಾನದಲ್ಲಿಯೂ ಹಾಗೆಯೇ ಇದ್ದ ಸಂಸಾರ ಇದೊಂದೇ ಇರಬೇಕು.

ಇನ್ನು ಸುಖದ ಕಾಲಕ್ಕೆ ಬರೋಣ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ತಂಡದ ಹೆಸರೂ ಬದಲಾಯಿತು. ಹೆಸರು ಬದಲಾದ ಮೊದಲ ಋತುವಿನಲ್ಲಿಯೇ ಪಾರಿತೋಷಕ ಮನೆಗೆ ಬಂದಿತು. ನಾಮಕರಣದ ದಿನವೇ ಮಗು ಎದ್ದು ನಡೆದಂತೆ! ಅದಕ್ಕೆ ಹಿಂದೆ ಹದಿನೈದು ವರ್ಷ ಒಂದೇ ಸಮನೆ ಬೊಂಬಾಯಿಯೇ ಗೆದ್ದಿತ್ತು. 1974ರ ಮಾರ್ಚಿಯಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ವಿಶ್ವನಾಥರ 162, ಬ್ರಿಜೇಶರ 106, ಗವಾಸ್ಕರರನ್ನು ಕೆಡವಿದ ಪ್ರಸನ್ನರ ಚೆಂಡು, ಜಾರಿಬಿದ್ದು ರನ್ ಔಟಾದ ವಾಡೇಕರ್: ಇವನ್ನು ಹಾರೋಹಳ್ಳಿಯ ಹಿರಿಯರು ಇಂದಿಗೂ ಭಾಗವತರು ಪ್ರಸಂಗ ಹೇಳಿದಂತೆ ಹೇಳುತ್ತಾರೆ. ಅನಂತರ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿದ್ದೂ ಆಯಿತು.

ಆದರೆ ತಾತನ ನಾಲಗೆಯ ತುದಿಯಲ್ಲಿ ಸಿಕ್ಕಿಕೊಂಡ ಆ ‘ಎಡಗೈಯೋನು’ ಯಾರು? ಬಿ. ವಿಜಯಕೃಷ್ಣ. ಎಡಗೈ ಸ್ಪಿನ್ ಬೌಲರು, ಬ್ಯಾಟೂ ಬಲ್ಲವರು. ಇವರ ದುರದೃಷ್ಟವನ್ನು ವಿವರಿಸುವುದು ಸುಲಭ. ದೊಡ್ಡ ಸಮಾರಾಧನೆಯಲ್ಲಿ ಮೊದಲ ಎರಡು ಪಂಕ್ತಿ ಎದ್ದ ಮೇಲೆ ಮೂರನೆಯ ಪಂಕ್ತಿಗೆ ಕುಳಿತವನ ಎಲೆಯನ್ನು ನೆನೆಯಿರಿ: ಹೋಳಿಗೆ ಮುಗಿದಿರುತ್ತದೆ, ಪಾಯಸ ತಳ ಕಂಡಿರುತ್ತದೆ. ಕರ್ನಾಟಕದಲ್ಲಿ ಇವರ ಮುಂದೆ ಪ್ರಸನ್ನ, ಚಂದ್ರಶೇಖರ್ ಎಂಬ ಲೋಕಪ್ರಸಿದ್ಧರಿಬ್ಬರು. ಅವರಿಬ್ಬರ ಊಟವಾದ ಮೇಲೆ ಉಳಿದ ವಿಕೆಟ್ಟುಗಳೇ ಇವರ ಪಾಲು. ಭಾರತ ತಂಡದ ಬಾಗಿಲಿಗೆ ಹೋದರೆ ಅಲ್ಲಿ ಎಡಗೈ ಸ್ಪಿನ್ನಿನ ಮಣೆಯ ಮೇಲೆ ಬಿಷನ್ ಸಿಂಗ್ ಬೇಡಿಯವರು ಚಕ್ಕಂಬಕ್ಕಳ ಹಾಕಿಕೊಂಡು ಕುಳಿತಿದ್ದರು. ಏಳುವ ಸೂಚನೆಯೇ ಇರಲಿಲ್ಲ. ಹರಿಯಾಣದ ರಾಜಿಂದರ್ ಗೋಯಲ್, ಬೊಂಬಾಯಿಯ ಪದ್ಮಾಕರ್ ಶಿವಾಲ್ಕರ್ ಅಂಥವರೂ ಆ ಬಾಗಿಲಲ್ಲಿಯೇ ನಿಂತು ಮುದುಕರಾದರು. ಆದರೂ ಅವರಿಗೆ ತಮ್ಮ ತಮ್ಮ ಮನೆಗಳಲ್ಲಿ ಮೊದಲ ಎಲೆ ದೊರೆಯುತ್ತಿತ್ತು. ವಿಜಯಕೃಷ್ಣರಿಗೆ ಮನೆಯಲ್ಲಿಯೂ ಮೂರನೆಯ ಪಂಕ್ತಿ. ಹಾಗಿದ್ದೂ 80 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 194 ವಿಕೆಟ್ಟುಗಳನ್ನೂ, ಎರಡು ಸಾವಿರಕ್ಕೆ ಮೇಲ್ಪಟ್ಟು ರನ್ನುಗಳನ್ನೂ ಗಳಿಸಿದರು. ಒಂದು ಟೆಸ್ಟನ್ನೂ ಆಡದೆ, 2021ರ ಜೂನ್ ತಿಂಗಳಿನಲ್ಲಿ ಕಾಲವಾದರು. ಪತ್ರಿಕೆಗಳಲ್ಲಿ ಅಂದು ಪ್ರಕಟವಾದ ಸುದ್ದಿಯನ್ನು ಓದಿ ‘ಇವರು ಇಷ್ಟು ದಿನ ಬದುಕಿದ್ದರೇ!’ ಎಂದು ಉದ್ಗಾರ ತೆಗೆದವರು ನಮಗೆ ಗೊತ್ತು. ಪ್ರಸನ್ನ ಚಂದ್ರಶೇಖರರ ಆಟದ ಮಾತು ಬಂದಾಗಲೆಲ್ಲ, ಅವರಿಬ್ಬರೂ ಮೈದಾನದ ನೆರಳಿಗೆ ಸರಿದ ಹೊತ್ತಿನಲ್ಲಿ ಬಿಸಿಲಿನಲ್ಲಿ ತುದಿ ಕಾದವರು ಯಾರೆಂಬುದನ್ನು ಕೇಳಿಕೊಳ್ಳಬೇಕಲ್ಲವೆ?

ಸಂಜಯ ದೇಸಾಯಿಯವರದು ಬೇರೊಂದು ಬಗೆಯ ವಿಚಿತ್ರ. 1977–78ರಲ್ಲಿ ಕೇರಳದೊಡನೆ ಚಿಕ್ಕಮಗಳೂರಿನಲ್ಲಿ ಆಟ. ಕರ್ನಾಟಕದ ಪರವಾಗಿ ಮೊದಲು ಇಳಿದವರು ದೇಸಾಯಿ ಮತ್ತು ರೋಜರ್ ಬಿನ್ನಿ. ಇಳಿದವರು ಮರಳಿ ಬರಲೇ ಇಲ್ಲ! ಒಂದು ವಿಕೆಟ್ಟೂ ಬೀಳದೆ 451 ರನ್ನಾಯಿತು. ಪ್ಯಾಡು ಕಟ್ಟಿಕೊಂಡು ‘ಈಗ ಬರುವುದು ನನ್ನ ಸರದಿ’ ಎಂದು ಕುಳಿತ ಮೂರನೆಯ ಆಟಗಾರನು ಆ ಬೆಟ್ಟದ ಸೀಮೆಯ ಒಳ್ಳೆಯ ಕಾಫಿಯನ್ನು ಎಷ್ಟು ಲೋಟ ಕುಡಿದನೋ! ಮೊದಲ ವಿಕೆಟ್ಟಿನ ಈ ಜೊತೆಯಾಟವನ್ನು ರಣಜಿಯಲ್ಲಿ ಮೀರಿಸಲು 1994–95ರವರೆಗೆ ಯಾರಿಂದಲೂ ಆಗಲಿಲ್ಲ. ಬಿನ್ನಿಯವರು 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ 18 ವಿಕೆಟ್ಟು ಪಡೆದು ಮನೆಮಾತಾದರು, ಅದು ನ್ಯಾಯವೇ. ಆದರೆ ಚಿಕ್ಕಮಗಳೂರಿನ ಆ ದಿನದ ಲೆಕ್ಕ ನೋಡಿದರೆ ಬಿನ್ನಿ 211, ದೇಸಾಯಿ 218. ಏಳು ರನ್ನು ಹೆಚ್ಚು ಹೊಡೆದವರು ವಗೈರೆಯಾದರು. ಮದುವೆಯ ಫೋಟೋದಲ್ಲಿ ವರನಿಗಿಂತ ಎತ್ತರವಾಗಿದ್ದೂ ‘ಪಕ್ಕದಲ್ಲಿರುವವರು ಯಾರು?’ ಎಂದು ಕೇಳಿಸಿಕೊಳ್ಳುವ ಬಂಧುಗಳಿರುತ್ತಾರಲ್ಲ, ಹಾಗೆ.

ಆರ್. ಸುಧಾಕರ ರಾವ್ ಅವರೂ ಇದೇ ಕಾಲದವರು. ಹೈದರಾಬಾದಿನ ಮೇಲೆ ಔಟಾಗದೆ 200 ಹೊಡೆದರು. 1976ರಲ್ಲಿ ಭಾರತ ತಂಡದೊಡನೆ ನ್ಯೂಜಿಲೆಂಡಿಗೂ ವೆಸ್ಟ್ ಇಂಡೀಸಿಗೂ ಹೋದರು. ಅಷ್ಟು ಸಾವಿರ ಮೈಲಿ ಸುತ್ತಿ ಆಡಿದ ಅಂತರರಾಷ್ಟ್ರೀಯ ಪಂದ್ಯ ಒಂದೇ ಒಂದು, ಹೊಡೆದ ರನ್ನು ನಾಲ್ಕು. ಮೈಲಿಗೂ ರನ್ನಿಗೂ ಭಾಗಾಕಾರ ಹಾಕುವ ಕೆಲಸವನ್ನು ಶಾಲೆಯ ಮಕ್ಕಳಿಗೆ ಬಿಡುತ್ತೇವೆ.

1982ನೆಯ ಇಸವಿಯ ಮಾರ್ಚ್ ತಿಂಗಳು ಮಾತ್ರ ಕರ್ನಾಟಕದ ವಗೈರೆಗಳ ಪಾಲಿಗೆ ಸುಗ್ಗಿ. ಸೆಮಿಫೈನಲ್ ಬೆಂಗಳೂರಿನಲ್ಲಿ, ಮತ್ತೆ ಎದುರಾಳಿ ಬೊಂಬಾಯಿ. ಎ. ರಘುರಾಮ ಭಟ್ಟರೆಂಬ ಎಡಗೈ ಸ್ಪಿನ್ನರು ಹ್ಯಾಟ್‌ಟ್ರಿಕ್ ಸಹಿತವಾಗಿ 123 ರನ್ನಿಗೆ 8 ವಿಕೆಟ್ಟು ಕಿತ್ತರು. ಬೊಂಬಾಯಿ 271, ಕರ್ನಾಟಕ 470. ಎರಡನೆಯ ಸರದಿಯಲ್ಲಿ ನೆಲ ಒಡೆದು, ಭಟ್ಟರ ಚೆಂಡು ಬಲಗೈ ಆಟಗಾರರ ಮುಂದೆ ಹಾವಿನಂತೆ ಹೊರಳತೊಡಗಿತು. ಆಗ ಸುನಿಲ್ ಗವಾಸ್ಕರರು, ಲೋಕದ ಮಹಾ ಆಟಗಾರರಲ್ಲೊಬ್ಬರು, ಏನು ಮಾಡಿದರು ಗೊತ್ತೆ? ಭಟ್ಟರ ಚೆಂಡಿಗೆ ಎಡಗೈ ಆಟಗಾರರಾಗಿ ತಿರುಗಿ ನಿಂತುಬಿಟ್ಟರು! ಮಿಕ್ಕವರ ಚೆಂಡಿಗೆ ಮಾತ್ರ ಯಥಾಪ್ರಕಾರ ಬಲಗೈ. ಹೀಗೆ ಔಟಾಗದೆ 18 ರನ್ನು ಮಾಡಿ, 9 ವಿಕೆಟ್ಟಿಗೆ 200 ಆಗಿ ತತ್ತರಿಸುತ್ತಿದ್ದ ಬೊಂಬಾಯಿಯನ್ನು ಪೂರ್ತಿ ಸೋಲಿನಿಂದ ಉಳಿಸಿದರು. ಮೊದಲ ಸರದಿಯ ಮುನ್ನಡೆಯ ಬಲದಿಂದ ಕರ್ನಾಟಕವೇನೋ ಮುಂದಕ್ಕೆ ಹೋಯಿತು. ಇದಕ್ಕಿಂತ ದೊಡ್ಡ ಬಿರುದು ಒಬ್ಬ ಬೌಲರನಿಗೆ ದೊರೆಯಬಹುದೆಂದು ನಮಗೆ ತೋರುವುದಿಲ್ಲ. ಗವಾಸ್ಕರರಂಥವರು ಇವರಿಗೆ ಹೆದರಿ ಬಲಗೈಯನ್ನೇ ಮರೆತರಲ್ಲ! ಭಟ್ಟರು ಮುಂದೆ ಭಾರತಕ್ಕಾಗಿ ಆಡಿದ್ದು ಎರಡೇ ಟೆಸ್ಟು, 1983ರಲ್ಲಿ. ಅದರಲ್ಲಿ ಮಿಯಾಂದಾದ್, ಕ್ಲೈವ್ ಲಾಯ್ಡ್ ಇಬ್ಬರೂ ಅವರಿಗೆ ವಿಕೆಟ್ಟು ಕೊಟ್ಟವರು. ಬಹು ವರ್ಷಗಳ ಮೇಲೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರೂ ಆದರು. ವಗೈರೆಯಲ್ಲಿ ಸೇರಿದವನೊಬ್ಬನು ಖಾತೆಯನ್ನೇ ತನ್ನ ಹೆಸರಿಗೆ ಮಾಡಿಸಿಕೊಂಡ ಅಪರೂಪದ ನಿದರ್ಶನವಿದು.

ಅದೇ ತಿಂಗಳಿನ ಫೈನಲ್ ದಿಲ್ಲಿಯ ಕೋಟ್ಲಾ ಮೈದಾನದಲ್ಲಿ. ಕರ್ನಾಟಕ 705 ರನ್ನು ಪೇರಿಸಿತು. ಬ್ರಿಜೇಶ್, ಬಿನ್ನಿ, ಕಿರ್ಮಾನಿಯರ ಸೆಂಚುರಿಗಳ ಜೊತೆಗೆ ನಾಲ್ಕನೆಯದೊಂದು, 113 ರನ್ನಿನದು, ರಂಜಿತ್ ಖಾನ್ವಿಲ್ಕರ್ ಅವರದು. 705 ಆದ ಮೇಲೆ ಇನ್ನೇನು? ನಮ್ಮ ಹಳ್ಳಿಗಳಲ್ಲಿ ಅಂದು ರೇಡಿಯೋಗಳನ್ನು ನಿಶ್ಚಿಂತೆಯಿಂದ ಆರಿಸಿ ಜನ ಹುಳುವಿನ ಮನೆಗೆ ಹೋದರು. ದಿಲ್ಲಿಯ ಎಂಟನೆಯ ವಿಕೆಟ್ಟು 589ಕ್ಕೆ ಬಿದ್ದಾಗಲೂ ಇನ್ನೂ ನೂರಕ್ಕೂ ಹೆಚ್ಚು ರನ್ನು ಬೇಕಿತ್ತು. ಆಗ ರಾಕೇಶ್ ಶುಕ್ಲರ ಜೊತೆಗೆ ಬಂದವರು ರಾಜೇಶ್ ಪೀಟರ್. ಯಾರು ಈ ಪೀಟರ್? ದಿಲ್ಲಿಯವರ ವಗೈರೆ! ಶುಕ್ಲ 69, ಪೀಟರ್ 67. ಇಬ್ಬರೂ ಔಟಾಗದೆ ಮೊತ್ತವನ್ನು 707ಕ್ಕೆ ಒಯ್ದು, ಮೊದಲ ಸರದಿಯ ಮುನ್ನಡೆಯಿಂದ ಪಾರಿತೋಷಕವನ್ನು ಎತ್ತಿಕೊಂಡುಬಿಟ್ಟರು. ಎರಡು ರನ್ನು! ಕಡೆಯ ಪಂಕ್ತಿಗೆ ಬರುವವನಿಗೆ ಎಲೆ ಹಾಕದಿದ್ದರೆ ಏನಾಗುತ್ತದೆಂಬುದನ್ನು ನಾವು ಅಂದು ಪರರ ಮನೆಯ ವಗೈರೆಯಿಂದ ಕಲಿತೆವು. ಖಾನ್ವಿಲ್ಕರರ 113, ಗೆದ್ದಿದ್ದರೆ ಪದವಾಗಬಹುದಾಗಿದ್ದುದು, ಅಂಕಿ ಅಂಶಗಳ ಪುಸ್ತಕದಲ್ಲಿ ಒಂದು ಸಾಲಾಯಿತು.

ಕೋಟ್ಲಾ ಮೈದಾನದ ಈ ಋಣವನ್ನು ತೀರಿಸಿದವರಲ್ಲಿಯೂ ನಮ್ಮವರೊಬ್ಬರು ಮರೆಯಲ್ಲಿ ನಿಂತಿದ್ದಾರೆ. 1999ರ ಫೆಬ್ರವರಿ 7ರಂದು ಅನಿಲ್ ಕುಂಬ್ಳೆಯವರು ಅಲ್ಲಿಯೇ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ರನ್ನಿಗೆ ಪಡೆದುದು ಮಕ್ಕಳಿಗೂ ಗೊತ್ತು. ಆ ತುದಿಯಲ್ಲಿ ನಿಂತು ಬೆರಳೆತ್ತಿದ ಅಂಪೈರು ಯಾರು? ಎ. ವಿ. ಜಯಪ್ರಕಾಶ್, ಹಿಂದೆ ಕರ್ನಾಟಕಕ್ಕೆ ಆಡಿದವರು. ಬೌಲರೂ ಬೆಂಗಳೂರಿನವರು, ಅಂಪೈರೂ ಕನ್ನಡಿಗರು ಎಂದ ಮೇಲೆ ಸೋತವರ ಕಡೆ ಗುಸುಗುಸು ಏಳುವುದು ಮಾನವಸಹಜ. ನಾವು ಮಾತ್ರ, ಬೆರಳು ಬಹಳ ನೋಯ್ದಿರಬೇಕೆಂದು ಮರುಗುವೆವು.

1996ರ ಅಕ್ಟೋಬರ್ 21ರ ರಾತ್ರಿಯನ್ನು ಯಾರು ಮರೆಯಬಲ್ಲರು? ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದ ಎದುರು ಸೋತೇಹೋದೆವೆಂದಾಗ ಶ್ರೀನಾಥರೂ ಕುಂಬ್ಳೆಯವರೂ ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 52 ರನ್ನು ಸೇರಿಸಿ ಗೆಲ್ಲಿಸಿದರು. ಅಂದಿನ ಭಾರತ ತಂಡದಲ್ಲಿ ಆರು ಮಂದಿ ಕನ್ನಡಿಗರು. ದ್ರಾವಿಡ್, ಶ್ರೀನಾಥ್, ಕುಂಬ್ಳೆ, ಪ್ರಸಾದ್, ಸುನಿಲ್ ಜೋಶಿ; ಐದಾಯಿತು. ಆರನೆಯವರು? ತೆಂಡೂಲ್ಕರರ ಜೊತೆಗೆ ಮೊದಲು ಇಳಿದ ಸುಜಿತ್ ಸೋಮಸುಂದರ್. ಆ ಪಂದ್ಯಾವಳಿಯಲ್ಲಿ ಎರಡು ಆಟ, ಒಟ್ಟು 16 ರನ್ನು. ಆಮೇಲೆ ಕರೆ ಬರಲಿಲ್ಲ. ಅದೇ ತಿಂಗಳು ದಿಲ್ಲಿಯ ಟೆಸ್ಟಿನಲ್ಲಿ ನಮ್ಮ ಡೇವಿಡ್ ಜಾನ್ಸನ್ ಸ್ಲೇಟರರನ್ನು ಔಟು ಮಾಡಿದರು, ಡರ್ಬನ್ನಿನಲ್ಲಿ ಇನ್ನೊಂದು ಟೆಸ್ಟು ಆಡಿದರು, ಅಷ್ಟೇ. 2024ರಲ್ಲಿ ತೀರಿಹೋದರು. ದೊಡ್ಡ ಗಣೇಶರ ಪೂರ್ಣನಾಮ ದೊಡ್ಡನರಸಯ್ಯ ಗಣೇಶ್. ಬಸವನಗುಡಿಯ ದೊಡ್ಡ ಗಣಪತಿಗೂ ಇವರಿಗೂ ನಂಟಿದೆಯೆಂದು ನಂಬಿದ್ದ ಹಿರಿಯ ಮಹಿಳೆಯರು ನಮ್ಮಲ್ಲಿದ್ದರು. ಟೆಸ್ಟು ನಾಲ್ಕೇ. ಆದರೆ ಪ್ರಥಮ ದರ್ಜೆಯ ವಿಕೆಟ್ಟುಗಳು 365, ವರ್ಷದ ದಿನಕ್ಕೊಂದರಂತೆ. ಶ್ರೀನಾಥ ಪ್ರಸಾದರು ದೇಶಾಂತರದಲ್ಲಿದ್ದಾಗ ಮನೆಯ ಬಂಡಿಯನ್ನೆಳೆದ ಎತ್ತು ಇದು.

ಕಡೆಗೆ ವಿಜಯ ಭಾರದ್ವಾಜ್. 1998–99ರ ಫೈನಲ್, ಬೆಂಗಳೂರು. ಮಧ್ಯಪ್ರದೇಶಕ್ಕೆ ಮೊದಲ ಸರದಿಯಲ್ಲಿ 75 ರನ್ನಿನ ಮುನ್ನಡೆ. ಕಡೆಯ ದಿನ ಅವರು ಗೆಲ್ಲಬೇಕಾಗಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಪಾರಿತೋಷಕ ಅವರದೇ. ಅವರ ನಾಯಕರು ಚಂದ್ರಕಾಂತ ಪಂಡಿತ್. ಆ ಋತುವಿನಲ್ಲಿ 1280 ರನ್ನು ಹೊಡೆದಿದ್ದ ಕನ್ನಡಕಧಾರಿ ಭಾರದ್ವಾಜರು, ಬೌಲರೆಂದು ಯಾರೂ ಲೆಕ್ಕಕ್ಕಿಡದವರು, ಚೆಂಡು ತೆಗೆದುಕೊಂಡು 24 ರನ್ನಿಗೆ 6 ವಿಕೆಟ್ಟು ಉರುಳಿಸಿದರು. ಮಧ್ಯಪ್ರದೇಶ 150ಕ್ಕೆ ಮುಗಿದು, ಕರ್ನಾಟಕ 96 ರನ್ನುಗಳಿಂದ ಗೆದ್ದಿತು. ಅದೇ ವರ್ಷ ನೈರೋಬಿಯಲ್ಲಿ ಭಾರತಕ್ಕೆ ಆಡಿದ ಮೊದಲ ಪಂದ್ಯಾವಳಿಯಲ್ಲಿಯೇ ಸರಣಿಯ ಶ್ರೇಷ್ಠ ಆಟಗಾರರೆನಿಸಿದರು. ಆಮೇಲೆ ಒಟ್ಟು 3 ಟೆಸ್ಟು, 10 ಏಕದಿನ ಪಂದ್ಯಗಳಿಗೆ ಅಧ್ಯಾಯ ಮುಗಿಯಿತು. ಪಂಡಿತರಾದರೋ 2022ರಲ್ಲಿ ಮಧ್ಯಪ್ರದೇಶದ ತರಬೇತುದಾರರಾಗಿ ಅದೇ ಮೈದಾನಕ್ಕೆ ಮರಳಿ ಬಂದು, ಮುಂಬಯಿಯನ್ನು ಸೋಲಿಸಿ ಪಾರಿತೋಷಕ ಗೆದ್ದು, ಎಲ್ಲರೆದುರಿಗೂ ಕಣ್ಣೀರು ಸುರಿಸಿದರು. ಭಾರದ್ವಾಜರ ಹೆಸರು ಹಾರೋಹಳ್ಳಿಯ ಜಗುಲಿಯಲ್ಲಿ ತಡವರಿಸಿದರೂ ತಡವರಿಸೀತು. ಪಂಡಿತರು ಅದನ್ನು ಇಪ್ಪತ್ತಮೂರು ವರ್ಷ ಒಂದು ದಿನವೂ ಮರೆತಿರಲಾರರು.